ಗಾಲ್ಫ್ ಪ್ರಶ್ನೋತ್ತರ: ಚೆಂಡಿಗಿಂತ ಮೊದಲು ಮಣ್ಣಿಗೆ ತಾಗುವ ಕ್ಲಬ್

ಪ್ರಶ್ನೆ: ನನಗೆ 52 ವರ್ಷ, ಬಲಗೈ ಆಟ. ಅಭ್ಯಾಸ ಮಾಡುವ ರೇಂಜಿನಲ್ಲಿ 7 ಐರನ್ ಕ್ಲಬ್ (ಚೆಂಡು ಹೊಡೆಯುವ ಕೋಲು) ಚೆನ್ನಾಗಿ ಹೋಗುತ್ತದೆ. ಕೋರ್ಸಿಗೆ ಇಳಿದರೆ ಒಂದು ಸಲ ಕ್ಲಬ್ ಚೆಂಡಿನ ಹಿಂದಿನ ಮಣ್ಣಿಗೆ ಬಡಿಯುತ್ತದೆ. ಇನ್ನೊಂದು ಸಲ ಚೆಂಡಿನ ನೆತ್ತಿಗೆ ತಾಗಿ, ಅದು ನೆಲದಲ್ಲೇ ಓಡುತ್ತದೆ. ಯಾವ ತಪ್ಪನ್ನು ಮೊದಲು ಸರಿಮಾಡಿಕೊಳ್ಳಲಿ?
— ಮೈಸೂರಿನ ಓದುಗರು

ಉತ್ತರ: ಸರ್, ಎರಡೂ ಒಂದೇ ತಪ್ಪು. ಕ್ಲಬ್ ಉಯ್ಯಾಲೆಯ ಹಾಗೆ ಕೆಳಗಿಳಿದು ಮತ್ತೆ ಮೇಲೇಳುತ್ತದೆ. ಅದರ ತೀರ ಕೆಳಗಿನ ಜಾಗ ಚೆಂಡಿಗಿಂತ ಮೂರು ನಾಲ್ಕು ಇಂಚು ಮುಂದೆ, ಗುರಿಯ ಕಡೆಗೆ ಇರಬೇಕು. ನಿಮ್ಮದು ಹಿಂದೆಯೇ ಮುಗಿಯುತ್ತಿದೆ. ಹಾಗಾಗಿ ಕ್ಲಬ್ ಒಂದೋ ಮಣ್ಣಿಗೆ ಹೋಗುತ್ತದೆ, ಇಲ್ಲವೇ ಆಗಲೇ ಮೇಲೇಳುತ್ತಾ ಚೆಂಡಿನ ನೆತ್ತಿ ಸವರುತ್ತದೆ.

ಚೆಂಡನ್ನು ನಾವೇ ಎತ್ತಬೇಕು ಅನ್ನಿಸುವುದೇ ಇದಕ್ಕೆ ಕಾರಣ. ಎತ್ತಲು ಹೋದಾಗ ಮೈಭಾರ ಬಲಗಾಲಿನ ಮೇಲೇ ಉಳಿಯುತ್ತದೆ. 7 ಐರನ್‌ನ ಮುಖ ಸುಮಾರು 30 ಡಿಗ್ರಿ ಹಿಂದಕ್ಕೆ ವಾಲಿದೆ, ಚೆಂಡನ್ನು ಎತ್ತುವುದು ಅದರ ಕೆಲಸ. ನೀವು ಕೆಳಕ್ಕೆ ಹೊಡೆಯಿರಿ ಸಾಕು.

ರೇಂಜಿನಲ್ಲಿ ಇದು ಯಾಕೆ ಗೊತ್ತಾಗುವುದಿಲ್ಲ? ಅಲ್ಲಿ ಹೊಡೆಯುವುದು ಮ್ಯಾಟ್ ಮೇಲೆ ಅಲ್ವಾ? ಕ್ಲಬ್ ಎರಡು ಇಂಚು ಹಿಂದೆ ಬಿದ್ದರೂ ಮ್ಯಾಟ್ ಮೇಲೆ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತದೆ. ಚೆಂಡು ಹಾರುತ್ತದೆ, ಖುಷಿಯಾಗುತ್ತದೆ. ಹುಲ್ಲಿನ ಮೇಲೆ ಆ ಎರಡು ಇಂಚಿಗೆ ರಿಯಾಯಿತಿ ಇಲ್ಲ. ಮಳೆಗಾಲದ ಮೆತ್ತನೆ ನೆಲದಲ್ಲಂತೂ ಕ್ಲಬ್ ಅಲ್ಲೇ ಹೂತುಹೋಗುತ್ತದೆ.

ಕೋಚ್ ಆಗುವ ಮೊದಲು ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಕ್ಯಾಡಿ ಆಗಿದ್ದೆ, ಆಟಗಾರರ ಕ್ಲಬ್ ಚೀಲ ಹೊರುವ ಕೆಲಸ. ಹೊಡೆದವರ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಕಿತ್ತು ಹೋದ ಹುಲ್ಲಿನ ಹೆಂಟೆ ತಂದು, ಗುಂಡಿಗೆ ಕೂರಿಸಿ, ಕಾಲಲ್ಲಿ ಒತ್ತುವವರು ನಾವು. ಚೆನ್ನಾಗಿ ಆಡುವವರ ಗುಂಡಿ ಯಾವಾಗಲೂ ಚೆಂಡು ಇದ್ದ ಜಾಗದ ಮುಂದಕ್ಕೇ ಬೀಳುತ್ತಿತ್ತು. ಸ್ವಿಂಗ್, ಅಂದರೆ ಕ್ಲಬ್ ಬೀಸುವ ರೀತಿ, ಓದಲು ನಾನು ಕಲಿತದ್ದು ಆ ಗುಂಡಿಗಳಿಂದ.

ನೀವೂ ಹೀಗೆ ಮಾಡಿ. ಕಲ್ಲಿಲ್ಲದ ಮೆತ್ತನೆ ಮಣ್ಣಿನ ಜಾಗ ಹುಡುಕಿ. ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆ ಸ್ವಿಂಗ್ ಮಾಡಿ. ಕ್ಲಬ್ ಮಾಡಿದ ಗುರುತು ಗೆರೆಯ ಮೇಲೆ ಶುರುವಾಗಿ ಎಡಕ್ಕೆ ಹೋಗಬೇಕು. ನಿಲ್ಲುವಾಗಲೇ ಎಡಗಾಲಿನ ಮೇಲೆ ಸ್ವಲ್ಪ ಜಾಸ್ತಿ ಭಾರ ಇಡಿ. ಮುಗಿಸಿದಾಗ ಬಲಗಾಲಿನ ಹೆಬ್ಬೆರಳು ಮಾತ್ರ ನೆಲದಲ್ಲಿರಲಿ, ಹಾಗೇ ಮೂರು ಎಣಿಸಿ. ದಿನಕ್ಕೆ 20 ಸಲ ಸಾಕು.

ಒಂದು ಮಾತು ಒತ್ತಿ ಹೇಳುತ್ತೇನೆ. ಚೆಂಡಿನ ನೆತ್ತಿಗೆ ತಾಗಿದ ಕೂಡಲೇ ಜೊತೆಯವರು ‘ತಲೆ ಎತ್ತಿದ್ರಿ’ ಅನ್ನುತ್ತಾರೆ. ಅದನ್ನು ನಂಬಿ ತಲೆಯನ್ನು ಮೊಳೆ ಹೊಡೆದಂತೆ ಹಿಡಿದರೆ ಎದೆ ತಿರುಗುವುದಿಲ್ಲ, ಭಾರ ಎಡಕ್ಕೆ ಬರುವುದಿಲ್ಲ. ತಪ್ಪು ಇನ್ನೂ ಗಟ್ಟಿಯಾಗುತ್ತದೆ. ಈ ಒಂದು ಸಲಹೆಯಿಂದ ಎಷ್ಟೋ ಜನ ವರ್ಷಗಟ್ಟಲೆ ಒದ್ದಾಡಿದ್ದನ್ನು ನೋಡಿದ್ದೇನೆ.

ಪ್ರಶ್ನೆ: ಡ್ರೈವರ್ (ದೂರ ಹೊಡೆಯುವ ಉದ್ದದ ಕ್ಲಬ್) ಹೊಡೆದರೆ ಚೆಂಡು ಬಲಕ್ಕೆ ಬಾಗುತ್ತದೆ. ಎಡಕ್ಕೆ ಗುರಿಯಿಟ್ಟಷ್ಟೂ ಜಾಸ್ತಿ ಬಾಗುತ್ತದೆ. ಏನು ಮಾಡಲಿ?
— ಬೆಂಗಳೂರಿನ ಓದುಗರು

ಉತ್ತರ: ಚೆಂಡು ಹೊರಡುವುದು ಹೆಚ್ಚುಕಡಿಮೆ ಕ್ಲಬ್ಬಿನ ಮುಖ ನೋಡುವ ಕಡೆಗೆ. ಬಾಗುವುದು ಕ್ಲಬ್ ಚಲಿಸುವ ದಾರಿಗೂ ಮುಖಕ್ಕೂ ಇರುವ ವ್ಯತ್ಯಾಸದಿಂದ. ನೀವು ಎಡಕ್ಕೆ ತಿರುಗಿ ನಿಂತಾಗ ದಾರಿ ಎಡಕ್ಕೆ ಹೋಯಿತು, ಮುಖ ಮಾತ್ರ ಬಲಕ್ಕೇ ಉಳಿಯಿತು. ವ್ಯತ್ಯಾಸ ಹೆಚ್ಚಿತು, ಸ್ಲೈಸೂ (ಹೀಗೆ ಬಲಕ್ಕೆ ಬಾಗುವುದು) ಹೆಚ್ಚಿತು.

ಮೊದಲು ಗ್ರಿಪ್ ನೋಡಿಕೊಳ್ಳಿ. ತಲೆ ಬಗ್ಗಿಸಿದರೆ ಎಡಗೈಯ ಎರಡು ಗೆಣ್ಣುಗಳಾದರೂ ಕಾಣಬೇಕು. ಒಂದೇ ಕಂಡರೆ ಕೈಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿಯಿರಿ. ಮೊದಲ ವಾರ ಬೇರೆಯವರ ಕೈ ಅನ್ನಿಸುತ್ತದೆ, ಬಿಡಬೇಡಿ. ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇರಲಿ. ಆಮೇಲೆ ಭುಜಗಳನ್ನು ಮತ್ತೆ ಗುರಿಗೆ ನೇರ ಮಾಡಿ.

ದೂರದ ಆಸೆಗೆ ಸುಮ್ನೆ ಜೋರಾಗಿ ಬೀಸಬೇಡಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, ಒಂದೇ ಹೊಡೆತ ಜಾಸ್ತಿಯಾಗಿ ಕಂಚು ತಪ್ಪಿತು. ಅಲ್ಲಿ ಅವರಿಗಿಂತ ದೂರ ಹೊಡೆಯುವವರು ಬಹಳ ಜನ ಇದ್ದರು. ಆ ನಾಲ್ಕು ದಿನ ನಾನು ಬೆಳಗಿನ ಜಾವವೇ ಎದ್ದು ಅವರ ಆಟ ನೋಡುತ್ತಿದ್ದೆ.

ಪ್ರಶ್ನೆ: ನನ್ನ 11 ವರ್ಷದ ಮಗಳು ಹೊಡೆದರೆ ಚೆಂಡು ಬಲಕ್ಕೆ ಅಡ್ಡಡ್ಡ ಚಿಮ್ಮುತ್ತದೆ. ಅವಳು ಅಪ್ಪನ ಕ್ಲಬ್‌ನಲ್ಲೇ ಆಡುತ್ತಾಳೆ. ಈಗ ಆಡುವುದಕ್ಕೇ ಹೆದರುತ್ತಾಳೆ.
— ಹುಬ್ಬಳ್ಳಿಯ ಓದುಗರು

ಉತ್ತರ: ಮೇಡಂ, ಇದಕ್ಕೆ ಶ್ಯಾಂಕ್ ಅನ್ನುತ್ತಾರೆ. ಕೋಲು ಕ್ಲಬ್ಬಿನ ತಲೆಗೆ ಸೇರುವ ಕುತ್ತಿಗೆಗೆ ಚೆಂಡು ತಾಗುತ್ತಿದೆ. ಕ್ಲಬ್ಬಿನ ಮುಖಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಹಚ್ಚಿ ಹೊಡೆಸಿ, ಗುರುತು ಎಲ್ಲಿದೆ ಎಂದು ಅವಳಿಗೇ ಕಾಣುತ್ತದೆ. ದೊಡ್ಡವರ ಕ್ಲಬ್ ಉದ್ದ, ಭಾರ. ಅದು ಮಗುವನ್ನು ಮುಂದಕ್ಕೆ ಎಳೆಯುತ್ತದೆ. ಮೈಭಾರ ಕಾಲ್ಬೆರಳಿಗೆ ಬಂದರೆ ಕ್ಲಬ್ಬೂ ಚೆಂಡಿನ ಆಚೆಗೆ ಹೋಗುತ್ತದೆ. ಅವಳ ಎತ್ತರಕ್ಕೆ ಸರಿಯಾದ ಹಗುರ ಕ್ಲಬ್ ಒಂದೇ ಆದರೂ ಪರವಾಗಿಲ್ಲ, ಕೊಡಿಸಿ.

ಆಮೇಲೆ ಖಾಲಿ ಮಿಠಾಯಿ ಡಬ್ಬಿಯೊಂದನ್ನು ಚೆಂಡಿನ ಆಚೆ ಬದಿಗೆ, ಕ್ಲಬ್ಬಿನ ತುದಿಗಿಂತ ಎರಡು ಬೆರಳು ದೂರದಲ್ಲಿಡಿ. ಡಬ್ಬಿ ತಾಗದಂತೆ ಅರ್ಧ ಸ್ವಿಂಗ್‌ನಲ್ಲಿ ಚೆಂಡು ಹೊಡೆಯಲಿ. ಹೊಡೆಯುವಾಗ ಹಿಂದೆ ನಿಂತು ಏನೂ ಹೇಳಬೇಡಿ. ಹತ್ತು ಚೆಂಡು ಮುಗಿದ ಮೇಲೆ ಪೌಡರ್ ಗುರುತನ್ನು ಇಬ್ಬರೂ ಸೇರಿ ನೋಡಿ.