ಬಿಟ್ಟೆ, ದೊಖ್, ಕಿಟ್ಟೆಲ್: ಜರ್ಮನ್ನರ ದಿನದ ಮಾತು

ಈ ಸಲ ಜರ್ಮನ್ ಕಲಿಯುತ್ತಿರುವವರಿಂದ, ಜರ್ಮನಿಗೆ ಹೋಗಿ ನೆಲೆಸಿದವರಿಂದ ಪತ್ರಗಳು ಜಾಸ್ತಿ ಬಂದಿವೆ. ಉದ್ದುದ್ದ ಪದಗಳ ಬಗ್ಗೆ ಯಾರೂ ಕೇಳಿಲ್ಲ. ಕೇಳಿರುವುದೆಲ್ಲ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಫೋನಿನಲ್ಲಿ ದಿನಾ ಕಿವಿಗೆ ಬೀಳುವ ಚಿಕ್ಕ ಪದಗಳ ಬಗ್ಗೆ. ಹದಿನೈದು ವರ್ಷ ಜರ್ಮನ್ ಪಾಠ ಹೇಳಿದ ನನಗೂ ಅವೇ ಇಷ್ಟ. ಅವೇ ಹೆಚ್ಚು ಎಡವಿಸುವುದೂ ಕೂಡ.

ಪ್ರಶ್ನೆ: ಜರ್ಮನ್ ಕ್ಲಾಸಿಗೆ ಸೇರಿ ಒಂದು ತಿಂಗಳಾಯಿತು. ‘ಬಿಟ್ಟೆ’ ಅಂದರೆ ‘ದಯವಿಟ್ಟು’ ಅಂತ ಹೇಳಿಕೊಟ್ಟಿದ್ದಾರೆ. ಆದರೆ ವಿಡಿಯೋಗಳಲ್ಲಿ ಅಂಗಡಿಯವರು ಮಾತುಮಾತಿಗೂ ಬಿಟ್ಟೆ ಅಂತಾರೆ. ಎಲ್ಲ ಕಡೆ ‘ದಯವಿಟ್ಟು’ ಹೊಂದುವುದಿಲ್ಲವಲ್ಲ? (ಹುಬ್ಬಳ್ಳಿ)

ಉತ್ತರ: ಹೊಂದುವುದಿಲ್ಲ. ಒಂದು ಬೇಕರಿಗೆ ಹೋಗೋಣ ಬನ್ನಿ. ನಿಮ್ಮ ಸರದಿ ಬಂತು, ಅಂಗಡಿಯಾಕೆ ‘ಬಿಟ್ಟೆ?’ ಅಂತಾಳೆ. ಅಂದರೆ ‘ಏನು ಕೊಡಲಿ?’ ನೀವು ಬ್ರೆಡ್ ಹೆಸರು ಹೇಳಿ ಕೊನೆಗೆ ‘ಬಿಟ್ಟೆ’ ಸೇರಿಸುತ್ತೀರಿ. ಅದು ‘ಕೊಡಿ’. ಆಕೆ ಪೊಟ್ಟಣ ಮುಂದೆ ಚಾಚಿ ‘ಬಿಟ್ಟೆ’ ಅಂದರೆ ‘ತಗೊಳ್ಳಿ’. ನೀವು ‘ಡಾಂಕೆ’ ಅಂತ ಥ್ಯಾಂಕ್ಸ್ ಹೇಳಿದಿರಿ. ಅದಕ್ಕೂ ಆಕೆಯ ಉತ್ತರ ‘ಬಿಟ್ಟೆ’, ಅಂದರೆ ‘ಅಯ್ಯೋ, ಅದರಲ್ಲೇನಿದೆ’. ಹೊರಗೆ ಬರುವಾಗ ಬಾಗಿಲ ಹತ್ತಿರ ಯಾರೋ ಪಕ್ಕಕ್ಕೆ ಸರಿದು ‘ಬಿಟ್ಟೆ’ ಅಂದರು. ‘ನೀವು ಮೊದಲು ಹೋಗಿ’ ಅಂತ. ಇಷ್ಟರಲ್ಲಿ ನಿಮಗೆ ಏನೋ ಸರಿಯಾಗಿ ಕೇಳಿಸಲಿಲ್ಲ ಅಂದುಕೊಳ್ಳಿ. ಆಗ ‘ವೀ ಬಿಟ್ಟೆ?’ ಅನ್ನಬೇಕು. ಅದು ನಮ್ಮ ‘ಏನಂದ್ರಿ?’

ಮೂಲದಲ್ಲಿ ಇದು ‘ಕೇಳಿಕೊಳ್ಳುತ್ತೇನೆ’ ಅನ್ನುವ ಕ್ರಿಯಾಪದ. ನಮ್ಮ ಕಿವಿಗೆ ಮಾತ್ರ ‘ಕೈ ಬಿಟ್ಟೆ’ ಅಂದಂತೆ ಕೇಳಿಸುತ್ತದೆ, ಏನು ಮಾಡೋಣ.

ಇಲ್ಲಿ ಕನ್ನಡದವರಿಗೇ ಒಂದು ತೊಂದರೆ ಇದೆ. ನಾವು ಬಾಯಲ್ಲಿ ‘ದಯವಿಟ್ಟು’ ಅನ್ನುವುದೇ ಅಪರೂಪ. ಅದು ಬೋರ್ಡುಗಳ ಮೇಲಿನ ಪದ. ಹೋಟೆಲಿನಲ್ಲಿ ‘ಒಂದು ಕಾಫಿ ಕೊಡಿ’ ಅಂದರೆ ಮುಗಿಯಿತು. ಆ ‘ಕೊಡಿ’ಯ ‘ಇ’ಯಲ್ಲೇ ಮರ್ಯಾದೆ ಇದೆ. ಜರ್ಮನ್‌ನಲ್ಲಿ ಆ ಕೆಲಸ ‘ಬಿಟ್ಟೆ’ಯದು. ‘ಐನೆನ್ ಕಾಫೆ’ ಅಂತ ಅಷ್ಟಕ್ಕೇ ನಿಲ್ಲಿಸಿದರೆ ಕಾಫಿ ಸಿಗುತ್ತದೆ, ನಗು ಸಿಗುವುದಿಲ್ಲ.

ಪ್ರಶ್ನೆ: ನಾನು ಇಲ್ಲಿ ನರ್ಸ್. ಹೊಸದರಲ್ಲಿ ಹಿರಿಯ ನರ್ಸ್ ಒಬ್ಬರು ‘ಈ ಪೇಷಂಟ್‌ಗೆ ಮಾತ್ರೆ ಇನ್ನೂ ಕೊಟ್ಟಿಲ್ವಾ?’ ಅಂತ ಕೇಳಿದರು. ನಾನು ‘ಯಾ’ (ಹೌದು) ಅಂದೆ. ಕೊಟ್ಟಾಗಿದೆ ಅಂತ ತಿಳಿದು ಅವರು ಚಾರ್ಟ್‌ನಲ್ಲಿ ಗುರುತು ಹಾಕಲು ಹೊರಟರು. ‘ದೊಖ್’ ಅನ್ನುವ ಪದವೂ ಇಲ್ಲೇ ಎಲ್ಲೋ ಬರುತ್ತದೆ ಅಂತಾರೆ. ಸ್ವಲ್ಪ ಬಿಡಿಸಿ ಹೇಳಿ. (ಮೂಲತಃ ಉಡುಪಿ, ಈಗ ಜರ್ಮನಿ)

ಉತ್ತರ: ನಿಮ್ಮದು ತಪ್ಪು ಜರ್ಮನ್ ಅಲ್ಲ, ಸರಿಯಾದ ಕನ್ನಡ. ‘ಕೊಟ್ಟಿಲ್ವಾ?’ ಅಂದರೆ ನಾವು ‘ಹೂಂ, ಕೊಟ್ಟಿಲ್ಲ’ ಅಂತೀವಿ. ಕೇಳಿದವರ ಮಾತನ್ನು ಒಪ್ಪಿಕೊಳ್ಳುವ ‘ಹೂಂ’ ಅದು. ‘ಯಾ’ ಅಂದಾಗ ನಿಮ್ಮ ಬಾಯಿಂದ ಬಂದದ್ದು ಅದೇ. ಆದರೆ ಜರ್ಮನ್ನರು ಕೇಳಿದವರ ಮಾತನ್ನು ನೋಡುವುದಿಲ್ಲ, ನಡೆದ ಸಂಗತಿಯನ್ನು ನೋಡುತ್ತಾರೆ. ಕೊಟ್ಟಿಲ್ಲ ಅಂದರೆ ಉತ್ತರ ‘ನೈನ್’, ಅಂದರೆ ‘ಇಲ್ಲ’. ಪ್ರಶ್ನೆ ‘ಕೊಟ್ರಾ?’ ಆಗಿರಲಿ, ‘ಕೊಟ್ಟಿಲ್ವಾ?’ ಆಗಿರಲಿ, ಕೊಟ್ಟಿಲ್ಲದಿದ್ದರೆ ನೈನ್.

ಹಾಗಾದರೆ ‘ಕೊಟ್ಟಿಲ್ವಾ?’ ಅಂತ ಕೇಳಿದಾಗ, ನಿಜಕ್ಕೂ ಕೊಟ್ಟಾಗಿದ್ದರೆ? ಅಲ್ಲಿ ಬರುವುದೇ ‘ದೊಖ್’. ‘ಇಲ್ಲ’ ಅಂದುಕೊಂಡವರಿಗೆ ‘ಹಾಗಲ್ಲ, ಆಗಿದೆ’ ಅಂತ ಹೇಳುವ ಒಂದೇ ಪದದ ಉತ್ತರ. ಕನ್ನಡದಲ್ಲಿ ಅದಕ್ಕೆ ಬೇರೆ ಪದ ಇಲ್ಲ. ‘ಕೊಟ್ಟೆನಲ್ಲ!’ ಅಂತ ಕ್ರಿಯಾಪದವನ್ನೇ ತಿರುಗಿ ಹೇಳುತ್ತೇವೆ. ಇಂಗ್ಲಿಷಿನಲ್ಲೂ ಇದಕ್ಕೆ ಒಂದು ಪದ ಇಲ್ಲ. ಅದಕ್ಕೇ ಇಂಗ್ಲಿಷ್ ಮೂಲಕ ಜರ್ಮನ್ ಕಲಿಯುವವರಿಗೆ ‘ದೊಖ್’ ದೊಡ್ಡ ಒಗಟು.

ಮಾತ್ರೆಯ ವಿಷಯದಲ್ಲಿ ಮಾತ್ರ ಒಂದೇ ಪದಕ್ಕೆ ನಿಲ್ಲಿಸಬೇಡಿ. ‘ನೈನ್, ನೊಖ್ ನಿಷ್ಟ್’ ಅನ್ನಿ. ‘ಇಲ್ಲ, ಇನ್ನೂ ಇಲ್ಲ’ ಅಂತ. ಅಷ್ಟು ಸೇರಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ.

‘ದೊಖ್’ಗೆ ಇನ್ನೊಂದು ಕೆಲಸವೂ ಇದೆ. ವಾಕ್ಯದ ನಡುವೆ ಸೇರಿಕೊಂಡು ಮಾತಿಗೆ ಬಣ್ಣ ಕೊಡುತ್ತದೆ. ‘ಡಾಸ್ ವೈಸ್ಟ್ ದು ದೊಖ್’ ಅಂದರೆ ‘ನಿನಗೇ ಗೊತ್ತಲ್ಲ’. ಆ ‘ಅಲ್ಲ’ ಇದೆಯಲ್ಲ, ಅದೇ ದೊಖ್. ಇದರ ತಮ್ಮ ‘ಮಾಲ್’. ‘ಒಂದು ಸಲ’ ಅನ್ನುವ ‘ಐನ್‌ಮಾಲ್’ ಸವೆದು ಹೀಗಾಗಿದೆ. ‘ಶೌ ಮಾಲ್’ ಅಂದರೆ ‘ನೋಡು ಒಂದ್ಸಲ’. ಅಲ್ಲಿ ಎಷ್ಟು ಸಲ ಅನ್ನುವ ಲೆಕ್ಕ ಇಲ್ಲ. ನಾವು ‘ಸ್ವಲ್ಪ ಬನ್ನಿ’ ಅಂದರೆ ಅರ್ಧ ಬನ್ನಿ ಅಂತಲ್ಲ ತಾನೇ? ದಕ್ಷಿಣ ಜರ್ಮನಿಯಲ್ಲಿ ‘ಹಾಲ್ಟ್’ ಕೂಡ ತುಂಬ ಕೇಳುತ್ತೀರಿ. ‘ಡಾಸ್ ಇಸ್ಟ್ ಹಾಲ್ಟ್ ಜೋ’ ಅಂದರೆ ‘ಅದು ಹಾಗೇ ಬಿಡಿ’. ನಿಘಂಟಿನಲ್ಲಿ ಇವುಗಳ ಅರ್ಥ ಹುಡುಕಿ ಸುಸ್ತಾಗಬೇಡಿ. ಅಲ್ವಾ, ತಾನೇ, ಕಣೋ, ಬಿಡಿ, ಇವನ್ನೆಲ್ಲ ನಾವು ಎಲ್ಲಿ ಹಾಕುತ್ತೇವೆ ಅಂತ ಒಂದು ದಿನ ನಮ್ಮ ಮಾತನ್ನೇ ಕೇಳಿಸಿಕೊಂಡರೆ ಅರ್ಧ ದಾರಿ ಸವೆದಂತೆ.

ಪ್ರಶ್ನೆ: ಆಸ್ಪತ್ರೆಯ ಬಟ್ಟೆ ಕೋಣೆಯ ಬಾಗಿಲ ಮೇಲೆ ‘ಕಿಟ್ಟೆಲ್’ ಅಂತ ಬರೆದಿತ್ತು. ನಮ್ಮ ನಿಘಂಟಿನ ಕಿಟೆಲ್ ಅವರ ಹೆಸರಿಗೂ ಇದಕ್ಕೂ ನಂಟಿದೆಯೇ? (ಅದೇ ಓದುಗರು)

ಉತ್ತರ: ಪದ ಒಂದೇ. ಕೆಲಸದ ಹೊತ್ತಿನಲ್ಲಿ ಬಟ್ಟೆ ಕೊಳೆಯಾಗದಂತೆ ಮೇಲೆ ಹಾಕಿಕೊಳ್ಳುವ ಸಡಿಲ ಅಂಗಿ ‘ಕಿಟ್ಟೆಲ್’. ಡಾಕ್ಟರ ಬಿಳಿ ಕೋಟು ‘ಆರ್ಟ್ಸ್ಟ್‌ಕಿಟ್ಟೆಲ್’. ನಮ್ಮಲ್ಲಿ ಬಡಿಗೇರ, ಕಂಬಾರ, ಪತ್ತಾರ ಅಂತ ಅಡ್ಡಹೆಸರುಗಳಿಲ್ಲವೇ? ಅಲ್ಲೂ ಹಾಗೇ. ಶ್ಮಿಟ್ ಅಂದರೆ ಕಮ್ಮಾರ, ಶ್ನೈಡರ್ ಅಂದರೆ ದರ್ಜಿ, ಬೌವರ್ ಅಂದರೆ ರೈತ, ಮ್ಯುಲರ್ ಅಂದರೆ ಹಿಟ್ಟಿನ ಗಿರಣಿಯವನು. ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ತುದಿಯ ಸಮುದ್ರದಂಚಿನ ಊರಲ್ಲಿ. ಬಾಸೆಲ್ ಮಿಶನ್ ಕಳಿಸಿ 1853ರಲ್ಲಿ ಈ ಕಡೆ ಬಂದರು. ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಾವು ಎದುರುನಿಂತು ‘ಈ ಪದದ ಅರ್ಥ ಏನು’ ಅಂತ ಕೇಳುವ ಹೆಸರೇ ಅವರ ಊರಲ್ಲಿ ಗೂಟಕ್ಕೆ ನೇತುಹಾಕುವ ಅಂಗಿ!

ಪ್ರಶ್ನೆ: ಮನೆ ಬಾಡಿಗೆಗೆ ನೋಡಲು ‘ಹಾಲ್ಪ್ ದ್ರೈ’ಗೆ ಬನ್ನಿ ಅಂದಿದ್ದರು. ಮೂರೂವರೆಗೆ ಹೋದೆ. ಮನೆ ಬೇರೆಯವರ ಪಾಲಾಗಿತ್ತು. (ಸ್ಟಟ್‌ಗಾರ್ಟ್)

ಉತ್ತರ: ಹಾಲ್ಪ್ ಅಂದರೆ ಅರ್ಧ, ದ್ರೈ ಅಂದರೆ ಮೂರು. ಎರಡೂ ಸೇರಿ ಎರಡೂವರೆ! ಇಂಗ್ಲಿಷಿನವರು ಮಾತಿನಲ್ಲಿ ‘ಹಾಫ್ ತ್ರೀ’ ಅಂದರೆ ಮೂರೂವರೆ. ಆ ದಾರಿಯಲ್ಲಿ ಹೋದವರೆಲ್ಲ ಒಂದು ಗಂಟೆ ತಡ. ನಾನೂ ಮೊದಲ ಸಲ ಹೋದಾಗ ಹೀಗೇ ಮಾಡಿದ್ದೆ. ಪಾಪ, ಒಬ್ಬರು ಹಿರಿಯ ಮೇಷ್ಟ್ರು ಒಂದು ಗಂಟೆ ಕಾದು, ಕೇಕ್ ಮುಚ್ಚಿಟ್ಟು ಕೂತಿದ್ದರು.

ಕನ್ನಡದಲ್ಲಿ ಯೋಚಿಸಿದರೆ ಇದು ಕಷ್ಟವೇ ಅಲ್ಲ. ಎರಡೂವರೆ ವರ್ಷದ ಮಗುವಿನ ವಯಸ್ಸು ಕೇಳಿದರೆ ಅಜ್ಜಿ ಏನಂತಾರೆ? ‘ಎರಡು ತುಂಬಿ ಮೂರು ನಡೀತಿದೆ.’ ಜರ್ಮನ್ ಗಡಿಯಾರ ಆ ಅಜ್ಜಿಯ ಹಾಗೆ. ಮೂರನೇ ಗಂಟೆ ಅರ್ಧ ನಡೆದಿದೆ, ಅಷ್ಟೇ. ನೀವಿರುವ ಸ್ಟಟ್‌ಗಾರ್ಟ್ ಕಡೆ ಇನ್ನೂ ಮುಂದೆ ಹೋಗುತ್ತಾರೆ. ‘ಫಿರ್ಟೆಲ್ ದ್ರೈ’, ಮೂರನೇ ಗಂಟೆ ಕಾಲು ನಡೆದಿದೆ, ಅಂದರೆ 2:15. ‘ದ್ರೈಫಿರ್ಟೆಲ್ ದ್ರೈ’ ಅಂದರೆ ಮುಕ್ಕಾಲು ನಡೆದಿದೆ, 2:45. ಉತ್ತರದ ಹ್ಯಾಂಬರ್ಗ್ ಕಡೆಯವರಿಗೆ ಇದು ಅಷ್ಟು ರೂಢಿಯಿಲ್ಲ. ಗಾಬರಿಯಾದರೆ ರೈಲಿನವರ ಲೆಕ್ಕದಲ್ಲಿ ಕೇಳಿ: ‘14:30?’ ಅದರಲ್ಲಿ ಗೊಂದಲಕ್ಕೆ ಜಾಗ ಇಲ್ಲ.

ಪ್ರಶ್ನೆ: ಇಂಗ್ಲಿಷ್ ಥರವೇ ಕಂಡು ಬೇರೆ ಅರ್ಥ ಕೊಡುವ ಪದಗಳನ್ನು ಹೇಳಿ. (ಮೈಸೂರು, ಪಿಯುಸಿ ವಿದ್ಯಾರ್ಥಿ)

ಉತ್ತರ: ಬೇಕಾದಷ್ಟಿವೆ. ‘ಗಿಫ್ಟ್’ ಅಂದರೆ ವಿಷ. ಹುಟ್ಟುಹಬ್ಬಕ್ಕೆ ಕೊಡುವುದು ‘ಗೆಶೆಂಕ್’. ‘ಶೆಫ್’ ಅಡುಗೆಯವನಲ್ಲ, ಬಾಸ್. ‘ಗ್ಯುಮ್ನಾಜಿಯುಮ್’ನಲ್ಲಿ ಡಂಬೆಲ್ಸ್ ಇರುವುದಿಲ್ಲ, ಅದು ಯೂನಿವರ್ಸಿಟಿಗೆ ದಾರಿ ಮಾಡುವ ಹೈಸ್ಕೂಲು. ‘ಹ್ಯಾಂಡಿ’ ಅಂದರೆ ಮೊಬೈಲ್. ‘ವೇರ್’ ಅಂದರೆ ಯಾರು, ‘ವೋ’ ಅಂದರೆ ಎಲ್ಲಿ. ‘ಬೆಕೊಮೆನ್’ ಅಂದರೆ ಸಿಗುವುದು. ಹೋಟೆಲಿನಲ್ಲಿ ಜರ್ಮನ್ ಪ್ರವಾಸಿಯೊಬ್ಬರು ಇಂಗ್ಲಿಷಿನಲ್ಲಿ ‘ನಾನು ಕಾಫಿ ಆಗುತ್ತೇನೆ’ ಅಂದರೆ ನಗಬೇಡಿ, ಅವರೂ ಈ ಗುಂಡಿಗೇ ಬಿದ್ದಿದ್ದಾರೆ.

ಗಿಫ್ಟ್ ಬಗ್ಗೆ ಇನ್ನೊಂದು ಮಾತು. ಹಿಂದೆ ಜರ್ಮನ್‌ನಲ್ಲೂ ಅದಕ್ಕೆ ‘ಕೊಟ್ಟದ್ದು’ ಅಂತಲೇ ಅರ್ಥ ಇತ್ತು. ಕೊಡುವ ಮದ್ದು, ಮದ್ದಿನ ಪ್ರಮಾಣ ಅಂತಾಗಿ ಕೊನೆಗೆ ವಿಷವಾಯಿತು. ನಮ್ಮಲ್ಲೂ ‘ಮದ್ದು ಹಾಕಿದ್ದಾರೆ’ ಅಂದರೆ ಔಷಧಿ ಅಂತ ಯಾರೂ ತಿಳಿಯುವುದಿಲ್ಲ ಅಲ್ವಾ? ಹಳೆಯ ಅರ್ಥ ಒಂದು ಪದದಲ್ಲಿ ಮಾತ್ರ ಉಳಿದಿದೆ: ‘ಮಿಟ್‌ಗಿಫ್ಟ್’. ಮದುಮಗಳ ಜೊತೆ ಕೊಟ್ಟದ್ದು, ಅಂದರೆ ವರದಕ್ಷಿಣೆ. ‘ಸರ್, ವಿಷ ಒಳಗೇ ಕೂತಿದೆ’ ಅಂತ ನನ್ನ ವಿದ್ಯಾರ್ಥಿನಿ ಒಬ್ಬಳು ಹೇಳಿದಾಗ ಕ್ಲಾಸೆಲ್ಲ ನಕ್ಕಿತ್ತು.

ಪ್ರಶ್ನೆ: ‘ಮೇಡ್‌ಶೆನ್’ ಅಂದರೆ ಹುಡುಗಿ. ಅದು ನಪುಂಸಕಲಿಂಗ ಅಂತೆ. ಇದೆಂಥ ಭಾಷೆ? (ಶಿರಸಿ)

ಉತ್ತರ: ಶಿರಸಿಯವರು ಇದನ್ನು ಕೇಳಬಾರದಿತ್ತು! ನಿಮ್ಮೂರಿನ ಹವ್ಯಕರ ಮನೆಯಲ್ಲಿ ‘ಅಕ್ಕ ಬಂತು’ ಅಂತಾರೆ, ‘ಕೂಸು ಬಂತು’ ಅಂತಾರೆ. ಅಲ್ಲಿ ಕೂಸು ಅಂದರೆ ಹುಡುಗಿ. ಅದರಲ್ಲಿ ಅಕ್ಕರೆ ಇದೆಯೇ ಹೊರತು ಅಸಡ್ಡೆ ಇಲ್ಲ.

ಜರ್ಮನ್‌ನಲ್ಲಿ ಕಾರಣ ಬೇರೆ. ಪದದ ಕೊನೆಗೆ ‘ಶೆನ್’ ಬಂದರೆ ಅದು ಪುಟ್ಟದಾಗುತ್ತದೆ, ಕೂಡಲೇ ನಪುಂಸಕಲಿಂಗವೂ ಆಗುತ್ತದೆ. ಬ್ರೋಟ್ ಅಂದರೆ ಬ್ರೆಡ್, ಬ್ರ್ಯೋಟ್‌ಶೆನ್ ಅಂದರೆ ಪುಟ್ಟ ಬನ್. ಮೇಡ್‌ಶೆನ್ ಮೂಲ ಪದ ‘ಮಾಗ್ಟ್’, ಅದು ಸ್ತ್ರೀಲಿಂಗವೇ. ಬಾಲ ಸೇರಿದ ಮೇಲೆ ಬದಲಾಯಿತು. ಕನ್ನಡದಲ್ಲಿ ಲಿಂಗ ಅರ್ಥ ನೋಡಿ ಬರುತ್ತದೆ, ಅಲ್ಲಿ ಪದದ ಬಾಲ ನೋಡಿ. ಜೋಡುಪದಗಳಲ್ಲೂ ಕೊನೆಯದ್ದೇ ಯಜಮಾನ. ಶೂ ಪುಲ್ಲಿಂಗ, ಹಾಗಾಗಿ ‘ಹಾಂಟ್‌ಶೂ’ ಕೂಡ ಪುಲ್ಲಿಂಗ. ಕೈಗೆ ಹಾಕುವ ಶೂ, ಅಂದರೆ ಗ್ಲೌಸ್. ಕಾಲಿಗೆ ಚೀಲ ತೊಡಿಸಿ ‘ಕಾಲುಚೀಲ’ ಅಂದ ನಾವು ಇದಕ್ಕೆ ನಗುವಂತಿಲ್ಲ. ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಇದಕ್ಕೆ ಕಾರಣ ಕೇಳಬೇಡಿ, ಸುಮ್ನೆ ಬಾಯಿಪಾಠ ಮಾಡಿ.

ಪ್ರಶ್ನೆ: ‘ಜೀ’ ಅಂದರೆ ನೀವು, ‘ದು’ ಅಂದರೆ ನೀನು. ಕನ್ನಡದ ಹಾಗೇ ಬಳಸಬಹುದೇ? (ಬೆಂಗಳೂರು)

ಉತ್ತರ: ಮುಕ್ಕಾಲು ಪಾಲು ಹೌದು. ಅಪರಿಚಿತ ದೊಡ್ಡವರಿಗೆ ಜೀ, ಮಕ್ಕಳಿಗೆ, ಗೆಳೆಯರಿಗೆ, ಮನೆಯವರಿಗೆ ದು. ‘ಮನೆಯವರಿಗೆ’ ಅಂದರೆ ಅಪ್ಪ, ಅಜ್ಜಿ, ಎಲ್ಲರಿಗೂ. ಅಜ್ಜಿಗೆ ‘ಜೀ’ ಅಂದರೆ ಜಗಳವಾಗಿದೆಯಾ ಅಂತ ಕೇಳಿಯಾರು. ಆಫೀಸಿನಲ್ಲಿ ಜೀಯಿಂದ ದುಗೆ ಇಳಿಯುವ ಮಾತನ್ನು ಹಿರಿಯರು ಎತ್ತಬೇಕು, ನೀವಲ್ಲ.

ಎಡವುವುದು ಎದುರಿಗಿಲ್ಲದವರ ಬಗ್ಗೆ ಮಾತಾಡುವಾಗ. ನಮಗೆ ‘ಪ್ರೊಫೆಸರ್ ಬಂದರು’ ಅನ್ನದೆ ಇದ್ದರೆ ನಾಲಿಗೆ ಒಪ್ಪುವುದಿಲ್ಲ. ಅದೇ ಅಭ್ಯಾಸದಲ್ಲಿ ಜರ್ಮನ್‌ನಲ್ಲೂ ಬಹುವಚನ ಹಾಕಿದರೆ ‘ಯಾರ‍್ಯಾರು ಬಂದರು?’ ಅಂತ ಕೇಳುತ್ತಾರೆ. ಅಲ್ಲಿ ಪ್ರೊಫೆಸರ್ ಕೂಡ ‘ಏರ್’, ಅವನು. ಸ್ವಲ್ಪ ದಿನ ಮುಜುಗರ ಆಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಪ್ರಶ್ನೆ: ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಹೊರಟರೆ ‘ಶ್ಯೋನೆನ್ ಫಾಯರ್‌ಆಬೆಂಟ್’ ಅಂತಾರೆ. ಆಬೆಂಟ್ ಅಂದರೆ ಸಂಜೆ ಅಲ್ಲವೇ? (ಮ್ಯೂನಿಕ್)

ಉತ್ತರ: ಸಂಜೆ ಹೌದು, ಆದರೆ ಗಡಿಯಾರದ ಸಂಜೆ ಅಲ್ಲ. ಹಿಂದೆ ಹಬ್ಬದ ಹಿಂದಿನ ಸಂಜೆಗೆ ಈ ಹೆಸರಿತ್ತು. ಈಗ ದಿನದ ಕೆಲಸ ಮುಗಿದ ಹೊತ್ತೇ ಫಾಯರ್‌ಆಬೆಂಟ್. ನಿಮ್ಮ ಶಿಫ್ಟ್ ಎರಡಕ್ಕೆ ಮುಗಿದರೆ ಎರಡಕ್ಕೇ ನಿಮ್ಮ ಸಂಜೆ. ಅದಾದ ಮೇಲೆ ಆಫೀಸಿನ ಫೋನ್ ಬರಬಾರದು ಅನ್ನುವ ಭಾವನೆಯೂ ಆ ಪದದಲ್ಲಿದೆ. ಒಂದು ದಿನದ ಕೆಲಸ ಮುಗಿದು ಮುಂದಿನದು ಶುರುವಾಗುವ ನಡುವೆ ಸಾಮಾನ್ಯವಾಗಿ 11 ಗಂಟೆ ಬಿಡುವು ಇರಬೇಕು ಅಂತ ಅಲ್ಲಿ ಕಾನೂನೇ ಇದೆ. ಬೆಂಗಳೂರಿನ ಟೀಮಿನವರು ರಾತ್ರಿ ಹತ್ತಕ್ಕೆ ಮೆಸೇಜ್ ಹಾಕಿ, ಯಾಕೆ ಉತ್ತರ ಬರಲಿಲ್ಲ ಅಂತ ನನ್ನನ್ನು ಕೇಳುವುದುಂಟು. ಜಗಳವಾಡುವ ಮಕ್ಕಳಿಗೆ ಅಮ್ಮ ‘ಯೆಟ್ಸ್ಟ್ ಇಸ್ಟ್ ಫಾಯರ್‌ಆಬೆಂಟ್!’ ಅಂದರೆ ಮಾತ್ರ ಅರ್ಥ ಬೇರೆ: ‘ಸಾಕು ಇನ್ನು!’

ಇದೇ ಜಾತಿಯ ಇನ್ನೊಂದು ಪದ ‘ಮಾಲ್‌ಟ್ಸೈಟ್’. ಊಟದ ಹೊತ್ತು ಅಂತ ಅರ್ಥ. ಹನ್ನೆರಡರ ಸುಮಾರಿಗೆ ಆಫೀಸಿನ ಕಾರಿಡಾರಿನಲ್ಲಿ ಎದುರಾದವರೆಲ್ಲ ಹೀಗೆ ಹೇಳುತ್ತಾರೆ. ನಮ್ಮ ‘ಊಟ ಆಯ್ತಾ?’ ಇದ್ದ ಹಾಗೆ. ಊಟದ ವಿವರ ಕೊಡಬೇಕಿಲ್ಲ, ನೀವೂ ‘ಮಾಲ್‌ಟ್ಸೈಟ್’ ಅಂದು ಮುಂದೆ ಹೋಗಿ.

ಪ್ರಶ್ನೆ: ಫೋನ್ ಇಡುವಾಗ ‘ಔಫ್ ವೀಡರ್‌ಜೇಯೆನ್’ ಅಂದೆ. ಆ ಕಡೆಯವರು ನಕ್ಕರು. (ಸ್ಟಟ್‌ಗಾರ್ಟ್)

ಉತ್ತರ: ಅದರ ಅರ್ಥ ‘ಮತ್ತೆ ನೋಡುವವರೆಗೆ’. ಫೋನಿನಲ್ಲಿ ನೋಡಿಯೇ ಇಲ್ಲವಲ್ಲ! ಅಲ್ಲಿ ‘ಔಫ್ ವೀಡರ್‌ಹ್ಯೋರೆನ್’, ಅಂದರೆ ಮತ್ತೆ ಕೇಳುವವರೆಗೆ. ನಾಲಿಗೆ ತೊಡರಿದರೆ ‘ಚ್ಯೂಸ್’ ಅಂದು ಇಟ್ಟುಬಿಡಿ. ನೋಡಿದವರಿಗೂ ನಡೆಯುತ್ತದೆ, ಕೇಳಿದವರಿಗೂ ನಡೆಯುತ್ತದೆ.