ಕೋಟೆ ನೋಡಿದಿರಿ, ಕಲ್ಲುಗಣಿ ನೋಡಿದಿರಾ?

ಮ್ಯಾಂಚೆಸ್ಟರ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: ‘ವೇಲ್ಸ್‌ನ ಪೆನ್ರಿನ್ ಕೋಟೆ ನೋಡಿ ಬೆರಗಾದೆ. ಸ್ಲೇಟ್ ಕಲ್ಲುಗಣಿ ನಡೆಸಿ ಸಾವಿರಾರು ಜನರಿಗೆ ಅನ್ನ ಕೊಟ್ಟ ಎರಡನೇ ಲಾರ್ಡ್ ಪೆನ್ರಿನ್‌ನಂಥವರ ಬಗ್ಗೆ ನೀವೇಕೆ ಬರೆಯುವುದಿಲ್ಲ?’

ಬರೆಯೋಣ. ಆ ಮನೆತನದ ಉದ್ಯಮಶೀಲತೆಯನ್ನು ಅಲ್ಲಗಳೆಯಲಾಗದು. 1801ರಷ್ಟು ಹಿಂದೆಯೇ ಗಣಿಯಿಂದ ಬಂದರಿನವರೆಗೆ ಹಳಿ ಹಾಕಿ ಕುದುರೆಗಳಿಂದ ಬಂಡಿ ಎಳೆಸಿದರು. ಆಸ್ಪತ್ರೆಯನ್ನೂ ಕಟ್ಟಿಸಿದರು. ಆದರೆ ಗಣಿಗೆ ಸುರಿದ ಹಣ ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರ ಬೆವರಿನಿಂದ ಬಂದದ್ದು. ಮೊದಲನೇ ಲಾರ್ಡ್ ಪೆನ್ರಿನ್ ಸಂಸತ್ತಿನಲ್ಲಿ ಗುಲಾಮರ ವ್ಯಾಪಾರದ ಪರ ವಾದಿಸಿದವನು. ಕೋಟೆಯಲ್ಲಿರುವ, ನೀವು ಪತ್ರದಲ್ಲಿ ಮೆಚ್ಚಿ ಬರೆದ ಒಂದು ಟನ್ ತೂಕದ ಸ್ಲೇಟ್ ಮಂಚವನ್ನು ನೋಡುವಾಗ ಇದೂ ನೆನಪಿರಲಿ.

ನಿಮ್ಮ ನಾಯಕ, ಎರಡನೇ ಲಾರ್ಡ್ ಪೆನ್ರಿನ್ ಆದ ಜಾರ್ಜ್ ಶೋಲ್ಟೋ, ಕನ್ಸರ್ವೇಟಿವ್ ಪಕ್ಷದಿಂದ ಎರಡು ಬಾರಿ ಸಂಸದನಾಗಿದ್ದವನು. 1868ರಲ್ಲೂ 1880ರಲ್ಲೂ ಜನ ಅವನನ್ನು ಸೋಲಿಸಿದರು. ಗಣಿಯಲ್ಲಿ ಮಾತ್ರ ಅವನನ್ನು ಸೋಲಿಸುವವರಿರಲಿಲ್ಲ. ಆಳುಗಳು ಒಬ್ಬೊಬ್ಬರಾಗಿ ಬಂದು ಮಾತಾಡಲಿ, ಕಾರ್ಮಿಕ ಸಂಘದ ಜೊತೆ ಮಾತಿಲ್ಲ ಎಂಬುದೇ ಅವನ ಕೊನೆಯವರೆಗಿನ ಹಟ.

ಆ ಆಳುಗಳು ಯಾರು ಗೊತ್ತೇ? ತೊಡೆಗೆ ಸರಪಳಿ ಸುತ್ತಿಕೊಂಡು ಕಡಿದಾದ ಬಂಡೆಗೆ ಜೋತುಬಿದ್ದು ಕೆಲಸ ಮಾಡಿದವರು. ಉಳಿಯೊಂದರಿಂದ ಕಲ್ಲನ್ನು ತೆಳ್ಳಗೆ ಹಾಳೆಯಂತೆ ಸೀಳುತ್ತಿದ್ದರು. ಊಟದ ಹೊತ್ತಿಗೆ ‘ಕಬಾನ್’ ಎಂಬ ಪುಟ್ಟ ಕೊಠಡಿಯಲ್ಲಿ ಸೇರಿ ಕವಿತೆ, ಹಾಡು, ಧರ್ಮ, ರಾಜಕೀಯ ಎಲ್ಲವನ್ನೂ ಚರ್ಚಿಸುತ್ತಿದ್ದರು. 1884ರಲ್ಲಿ ಹತ್ತಿರದ ಬ್ಯಾಂಗರ್‌ನಲ್ಲಿ ಕಾಲೇಜು ಶುರುವಾದಾಗ ತಮ್ಮ ಕೂಲಿಯಿಂದಲೇ ಚಂದಾ ಎತ್ತಿ ಕೊಟ್ಟರು. ಮೈಮುರಿದು ದುಡಿದವರು ಮಕ್ಕಳ ಓದಿಗೆ ಹೀಗೆ ಕೈಯೆತ್ತಿ ಕೊಟ್ಟದ್ದನ್ನು ಓದುವಾಗ ನನ್ನ ಕಣ್ಣು ತುಂಬುತ್ತದೆ.

1900ರ ನವೆಂಬರ್ 22ರಂದು ಸುಮಾರು 2,800 ಮಂದಿ ಗಣಿಯಿಂದ ಹೊರನಡೆದರು. ಮುಷ್ಕರ ಮೂರು ವರ್ಷ ನಡೆಯಿತು. ಮರುವರ್ಷ ಜೂನ್‌ನಲ್ಲಿ ಕೆಲವು ನೂರು ಜನ ಕೆಲಸಕ್ಕೆ ಮರಳಿದಾಗ ಒಬ್ಬೊಬ್ಬರಿಗೂ ಚಿನ್ನದ ನಾಣ್ಯ ಸಿಕ್ಕಿತು. ಗಣಿಯ ಪಕ್ಕದ ಬೆಥೆಸ್ಡಾ ಊರಿನಲ್ಲಿ, ಕೆಲಸಕ್ಕೆ ಮರಳದವರ ಮನೆಗಳ ಕಿಟಕಿಯಲ್ಲಿ ‘ಈ ಮನೆಯಲ್ಲಿ ದ್ರೋಹಿ ಇಲ್ಲ’ ಎಂಬ ಚೀಟಿಗಳು ಕಾಣಿಸಿಕೊಂಡವು. ಗಾಯನ ತಂಡಗಳು ಊರೂರು ಸುತ್ತಿ ಹಾಡಿ ಹಣ ಕೂಡಿಸಿದವು. ಎಷ್ಟೋ ಗಂಡಸರು ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಗಣಿಗಳಿಗೆ ಗುಳೆ ಹೋದರು. 1903ರ ನವೆಂಬರ್‌ನಲ್ಲಿ ಕಾರ್ಮಿಕರು ಸೋತರು. ನೆರೆಮನೆಯವರ ನಡುವಿನ ಬಿರುಕು ಮಾತ್ರ ತಲೆಮಾರುಗಳವರೆಗೆ ಉಳಿಯಿತು.

‘ಅನ್ನ ಕೊಟ್ಟ’ ಎನ್ನುತ್ತೀರಿ. ಯಾರು ಯಾರಿಗೆ ಕೊಟ್ಟರು, ಸ್ವಾಮಿ? ನಮ್ಮಲ್ಲೂ ಇದೇ ಚಾಳಿ. ಉದ್ಯಮಿಯ ಅಭಿನಂದನ ಗ್ರಂಥ ತೆರೆದರೆ ಅಜ್ಜ, ಮೊಮ್ಮಗ, ಮಂತ್ರಿಗಳ ಫೋಟೊ. ಯಂತ್ರದ ಮುಂದೆ ಮೂವತ್ತು ವರ್ಷ ನಿಂತವನ ಹೆಸರು ಒಂದೆಡೆಯೂ ಇರುವುದಿಲ್ಲ. ಪತ್ರಿಕೆಗಳೂ ಅದನ್ನೇ ಚಾಚೂ ತಪ್ಪದೆ ಅಚ್ಚು ಹಾಕುತ್ತವೆ.

ನಿಮ್ಮ ಕಣ್ಣು ಚುರುಕಾಗಿದೆ, ಬರವಣಿಗೆಯೂ ಚೆನ್ನಾಗಿದೆ. ಕೋಟೆಯಿಂದ ಬೆಥೆಸ್ಡಾ ಕೆಲವೇ ಮೈಲಿ. ಮತ್ತೊಮ್ಮೆ ಹೋದಾಗ ಅಲ್ಲಿಯ ಹಿರಿಯರನ್ನು ಮಾತಾಡಿಸಿ, ಬರೆದು ಕಳಿಸಿ. ಪುಟ ಮೀಸಲಿಡುತ್ತೇನೆ.

— ಸಂಪಾದಕ