ಸೆಲ್ಫ್ ಹೊಡೀತದೆ, ಸ್ಟಾರ್ಟ್ ಆಗಲ್ಲ: ಇಸಿಯು ತಗೊಳ್ಳೋ ಮುಂಚೆ 21 ವ್ಯಾಟ್ ಬಲ್ಬು

ನಾಪೋಕ್ಲಿನ ಅಣ್ಣ, ಆ ಹಳೇ ಇಸಿಯುಗೆ (ಎಂಜಿನ್ ನಡೆಸೋ ಕಂಪ್ಯೂಟರಿಗೆ) ದಯವಿಟ್ಟು ಅಡ್ವಾನ್ಸ್ ಕೊಡಬೇಡಿ. ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್ ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಂತಿತ್ತು, ಈಗ ಸೆಲ್ಫ್ ತಿರುಗ್ತದೆ ಆದ್ರೆ ಹಿಡಿಯಲ್ಲ, ಟ್ಯಾಂಕಿನ ಪೆಟ್ರೋಲ್ ಪಂಪ್ ಹೊಸದು ಹಾಕಿದ್ರೂ ಆಗಲಿಲ್ಲ, ಪಂಪ್ ಪ್ಲಗ್ಗಲ್ಲಿ ಮೀಟರ್ 12 ವೋಲ್ಟ್ ತೋರಿಸ್ತದೆ, ಹಾಗಾಗಿ ಇಸಿಯುನೇ ಹೋಗಿದೆ ಅಂತ ಬರ್ದಿದ್ದೀರಿ. ಈ ಲೆಕ್ಕದಲ್ಲೇ ತಪ್ಪಿದೆ. ಈ ಗುಂಪಲ್ಲಿ ಪ್ರತಿ ಮಳೆಗಾಲ ಮುಗಿದ ಮೇಲೆ ಇದೇ ತಪ್ಪಿಗೆ ಯಾರಾದ್ರೂ ದುಡ್ಡು ಕಳ್ಕೊಳ್ತಾರೆ.

ಲೋಡ್ ಇಲ್ಲದೆ, ಅಂದ್ರೆ ಕರೆಂಟ್ ಎಳೆಯೋ ಬಲ್ಬೋ ಮೋಟರೋ ಇಲ್ಲದೆ, ಮೀಟರ್ ತೋರಿಸೋ 12 ವೋಲ್ಟಿಗೆ ಅರ್ಥವೇ ಇಲ್ಲ. ಒಂದೇ ಎಳೆ ಉಳಿದಿರೋ ವೈರಲ್ಲೂ, ಕಿಲುಬು ಹಿಡಿದ ಅರ್ಥಿಂಗಲ್ಲೂ ಮೀಟರಿಗೆ 12 ಬರ್ತದೆ. ತೋಟದಲ್ಲಿ ಸ್ಪ್ರಿಂಕ್ಲರ್ ಜೆಟ್ ಮುಚ್ಚಿದ್ರೆ ಗೇಜ್ ಪೂರ್ತಿ ಪ್ರೆಶರ್ ತೋರಿಸಲ್ವಾ? ಬ್ಲಾಕ್ ಇರೋದು ಗೊತ್ತಾಗೋದು ಜೆಟ್ ಬಿಟ್ಟ ಮೇಲೆ. ಇಲ್ಲೂ ಅಷ್ಟೇ.

ಲೋಡ್ ಕೊಟ್ಟು ನೋಡೋಕೆ ಬೇಕಿರೋದು ಇಷ್ಟೇ: ಹಿಂದಿನ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಒಂದು, ಹೋಲ್ಡರ್, ಎರಡು ವೈರ್. ಇದು ಸುಮಾರು 1.75 ಆಂಪಿಯರ್ ಎಳೀತದೆ. ಎಲ್‌ಇಡಿ ಟೆಸ್ಟರ್ ಬೇಡ, ಅದಕ್ಕೆ ಲೋಡೇ ಇಲ್ಲ. ಪಂಪ್ ಪ್ಲಗ್ ಕಳಚಿ, ಗಾಡಿ ಕಡೆಯ ಪ್ಲಗ್ಗಿನ ಪಂಪ್ ವೈರ್ ಎರಡಕ್ಕೆ ಬಲ್ಬ್ ಕೊಡಿ. ಅದೇ ಪ್ಲಗ್ಗಲ್ಲಿ ಪೆಟ್ರೋಲ್ ಗೇಜಿನ ವೈರೂ ಇರ್ತದೆ, ಅದನ್ನ ಮುಟ್ಟಬೇಡಿ. ಮೊದಲು ಬಲ್ಬ್ ಕನೆಕ್ಟ್ ಮಾಡಿ, ಆಮೇಲೆ ಕೀ ಆನ್. ಉಲ್ಟಾ ಮಾಡಿದ್ರೆ ಪೆಟ್ರೋಲ್ ಆವಿ ಹತ್ರ ಕಿಡಿ ಹಾರ್ತದೆ. ಬಾಗಿಲೆಲ್ಲ ತೆಗೆದಿಡಿ, ಬಲ್ಬನ್ನ ಟ್ಯಾಂಕಿಂದ ದೂರಕ್ಕೆ ಎಳ್ಕೊಳ್ಳಿ. ಕೀ ಆನ್ ಮಾಡಿದಾಗ 2-3 ಸೆಕೆಂಡ್, ಆಮೇಲೆ ಸೆಲ್ಫ್ ಹೊಡೆಯೋವಾಗಲೂ ಬಲ್ಬ್ ಉರಿಬೇಕು. ಕೀ ಆನಲ್ಲಿ ಪ್ರಖರವಾಗಿಯೇ ಉರಿಬೇಕು.

ಮಂಕಾಗಿ ಉರಿದ್ರೆ ಬಲ್ಬಿನ ಅರ್ಥ್ ವೈರನ್ನ ಪ್ಲಗ್ಗಿಂದ ತೆಗೆದು ನೇರ ಬ್ಯಾಟರಿ ನೆಗೆಟಿವಿಗೆ ಕೊಡಿ. ಆಗ ಚೆನ್ನಾಗಿ ಉರಿದ್ರೆ ಅರ್ಥಿಂಗ್ ಹೋಗಿದೆ. ಆಗಲೂ ಮಂಕೇ ಅಂದ್ರೆ ಪಂಪ್ ರಿಲೇ (ಪಂಪಿಗೆ ಕರೆಂಟ್ ಬಿಡೋ ಸ್ವಿಚ್), ಫ್ಯೂಸ್ ಹೋಲ್ಡರ್, ಇಲ್ಲಾ ನಡುವಿನ ವೈರ್. ಹಾರ್ನ್ ರಿಲೇ ಮೇಲೆ ಪಂಪ್ ರಿಲೇಯ ನಂಬರೇ ಇದ್ರೆ ಅದನ್ನ ಪಂಪ್ ರಿಲೇ ಜಾಗಕ್ಕೆ ಹಾಕಿ ನೋಡಿ. ಉರಿಯೋದೇ ಇಲ್ಲ, ಚೆಕ್ ಎಂಜಿನ್ ದೀಪವೂ ಬರಲ್ಲ ಅಂದ್ರೆ ಇಸಿಯುಗೇ ಕರೆಂಟ್ ಹೋಗ್ತಿಲ್ಲ, ಮೇನ್ ರಿಲೇ ಕಡೆ ಹೋಗಿ. ಆದ್ರೆ ಒಂದು ಮಾತು: ಈ ಬಲ್ಬನ್ನ ಸೆನ್ಸರ್ ವೈರಿಗೆ, ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸೋ ನಾಜಲ್) ಪ್ಲಗ್ಗಿಗೆ ಯಾವ ಕಾರಣಕ್ಕೂ ಹಾಕಬೇಡಿ. ಇಸಿಯು ಒಳಗೆ ಇಂಜೆಕ್ಟರ್ ನಡೆಸೋ ಡ್ರೈವರ್ ಚಿಪ್ ಸುಡ್ತದೆ, ಆಗ ನಿಜಕ್ಕೂ ಇಸಿಯು ತಗೋಬೇಕಾಗ್ತದೆ. ಇಂಜೆಕ್ಟರಿಗೆ ನಾಯ್ಡ್ ಲೈಟ್ (ಅದರ ಸಿಗ್ನಲ್ ನೋಡೋ ಪುಟ್ಟ ದೀಪ) ಸಿಗ್ತದೆ, ಅದು ಬೇರೆ.

ಎಂಜಿನ್ ಅರ್ಥಿಂಗ್ ನೋಡೋದು ಹೀಗೆ. ಪಂಪ್ ಫ್ಯೂಸ್ ಕಿತ್ತು, ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಸೀಸದ ಗೂಟದ ಮೇಲೆ (ಕ್ಲ್ಯಾಂಪ್ ಮೇಲಲ್ಲ), ಇನ್ನೊಂದು ಎಂಜಿನ್ ಬ್ಲಾಕಿನ ಬರೀ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡಿಸಿ. 0.2-0.3 ವೋಲ್ಟ್ ಒಳಗಿದ್ರೆ ಸರಿ, 0.5 ದಾಟಿದ್ರೆ ಎಂಜಿನ್ನಿನ ಅರ್ಥ್ ಸ್ಟ್ರ್ಯಾಪ್ (ದಪ್ಪ ಅರ್ಥ್ ವೈರ್) ಬಿಚ್ಚಿ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ತೇವಕ್ಕೆ ಒಳಗೆ ಹಸಿರು ಕಿಲುಬು ಕೂತಿರ್ತದೆ, ಹೊರಗಿಂದ ಕಾಣಲ್ಲ. ಸ್ಯಾಂಡ್ ಪೇಪರಲ್ಲಿ ಹೊಳೆಯೋ ತನಕ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ. ವೈರಿನ ಪ್ಲಗ್ಗುಗಳಿಗೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರೇ ಬೇಕು, ಸಿಆರ್‌ಸಿದು ಒಳ್ಳೇದು. ಸಾಮಾನ್ಯ ಡಬ್ಲ್ಯುಡಿ-40 ನಟ್ಟು ಬಿಚ್ಚೋಕೆ, ಕನೆಕ್ಟರಿಗಲ್ಲ. ಸೆಲ್ಫ್ ಹೊಡೆಯೋವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಹೋಗ್ತಿದ್ರೆ ಮೊದಲು ಅದನ್ನ ಚಾರ್ಜ್ ಮಾಡಿ. ಸೆಲ್ಫ್ ತಿರುಗುವಷ್ಟು ಬ್ಯಾಟರಿ ಇಸಿಯುಗೆ ಸಾಕಾಗ್ತದೆ ಅನ್ನೋ ಗ್ಯಾರಂಟಿ ಇಲ್ಲ.

ಇಸಿಯು ವಿಷಯ ಇನ್ನೊಂದು. ಇಮ್ಮೊಬಿಲೈಸರ್ (ಕೀಯೊಳಗಿನ ಚಿಪ್ ನೋಡಿ ಸ್ಟಾರ್ಟ್ ಬಿಡೋ ಕಳ್ಳತನ ತಡೆ) ಇರೋ ಗಾಡಿಗೆ ಬೇರೆ ಗಾಡಿಯ ಇಸಿಯು ಹಾಕಿದ್ರೆ ಕೀ ಕೋಡಿಂಗ್ ಆಗದೆ ಸ್ಟಾರ್ಟ್ ಆಗಲ್ಲ. ಈಗಲೂ ಕೀ ಆನ್ ಮಾಡಿದಾಗ ಇಮ್ಮೊಬಿಲೈಸರ್ ದೀಪ ಮಿಣುಕ್ತಾನೇ ಇದ್ರೆ ಎರಡನೇ ಕೀ ಹಾಕಿ ನೋಡಿ. ಮಾರಿದವರು ಒಂದೇ ಕೀ ಕೊಟ್ಟಿದ್ರೆ, ಅದು ಚಿಪ್ ಇಲ್ಲದ ಡೂಪ್ಲಿಕೇಟ್ ಆಗಿರಲೂಬಹುದು.

ಕರೆಂಟ್ ಎಲ್ಲ ಸರಿ ಬಂದ್ರೆ: ರೈಲ್ (ಇಂಜೆಕ್ಟರಿಗೆ ಪೆಟ್ರೋಲ್ ಕೊಡೋ ಪೈಪ್) ಪ್ರೆಶರ್ 3 ಬಾರ್ ಆಸುಪಾಸು ಇರಬೇಕು. ಇಎಲ್‌ಎಂ327 (ಫೋನಿಗೆ ಸಿಗೋ ಒಬಿಡಿ ಸ್ಕ್ಯಾನರ್) ಹಾಕಿ ಸೆಲ್ಫ್ ಹೊಡೆಯೋವಾಗ ಆರ್‌ಪಿಎಂ ನೋಡಿ. 200 ಆಸುಪಾಸು ಬಂದ್ರೆ ಎಂಜಿನ್ ತಿರುಗೋದನ್ನ ಇಸಿಯುಗೆ ತಿಳಿಸೋ ಕ್ರ್ಯಾಂಕ್ ಸೆನ್ಸರ್ ಬದುಕಿದೆ, ಸೊನ್ನೆ ಬಂದ್ರೆ ಸೆನ್ಸರ್ ಇಲ್ಲಾ ಅದರ ವೈರ್. ಶೆಡ್ಡಲ್ಲಿ ನಿಂತ ಗಾಡಿ ಅಂದ್ರೆ ಇಲಿ ಕಡಿದಿರೋದೇ ಜಾಸ್ತಿ. ಏರ್ ಫಿಲ್ಟರ್ ಡಬ್ಬಿ ತೆಗೆದು ಗೂಡು ಇದೆಯಾ ನೋಡಿ. ಕಡಿದ ವೈರಿಗೆ ಟೇಪ್ ಸುತ್ತಿ ಬಿಡಬೇಡಿ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಹಾಕಿ. ಕಿಡಿ ನೋಡೋಕೆ ಪಂಪ್ ಫ್ಯೂಸ್ ತೆಗೆದು, ಸ್ಪಾರ್ಕ್ ಪ್ಲಗ್ಗಿನ ಲೋಹ ಎಂಜಿನಿಗೆ ಒತ್ತಿ ಇಟ್ಟೇ ನೋಡಿ. ಗಾಳಿಯಲ್ಲಿ ಬಿಟ್ರೆ ಕಾಯಿಲ್ ಹೋಗ್ತದೆ. ಹೊಸ ಪ್ಲಗ್ ಬೇಕಾದ್ರೆ ಎನ್‌ಜಿಕೆ ಇಲ್ಲಾ ಡೆನ್ಸೊ, ಅದೂ ನಂಬಿಕೆಯ ಅಂಗಡಿಯಲ್ಲಿ. ನಕಲಿ ಬಹಳ ಇದೆ.

ಪೆಟ್ರೋಲ್? ಈಗಿನದು ಇ20 (ಶೇ. 20 ಎಥೆನಾಲ್ ಸೇರಿದ್ದು), ಅರ್ಧ ಟ್ಯಾಂಕಲ್ಲಿ ತಿಂಗಳುಗಟ್ಟಲೆ ನಿಂತ್ರೆ ತೇವ ಹೀರ್ಕೊಳ್ತದೆ. ಗಾಜಿನ ಬಾಟಲಿಗೆ ಅರ್ಧ ಲೀಟರ್ ತೆಗೆದು ಅರ್ಧ ಗಂಟೆ ಇಡಿ, ತಳದಲ್ಲಿ ಬೇರೆ ಪದರ ಕಂಡ್ರೆ ಟ್ಯಾಂಕ್ ಖಾಲಿ ಮಾಡಿ. ಮುಂದಿನ ಮಳೆಗಾಲಕ್ಕೆ ಫುಲ್ ಟ್ಯಾಂಕಲ್ಲೇ ನಿಲ್ಲಿಸಿ, ಬಾನೆಟ್ ಎತ್ತಿಟ್ರೆ ಇಲಿ ಕಾಟವೂ ಕಡಿಮೆ.

ನೀವು ಹಾಕಿದ ವಿಡಿಯೋದಲ್ಲಿ 20 ಸೆಕೆಂಡ್ ಒಂದೇ ಸಮ ಸೆಲ್ಫ್ ಹೊಡೀತಾ ಇದ್ದೀರಿ. ನಿಲ್ಲಿಸಿ! 5-10 ಸೆಕೆಂಡ್ ಸಾಕು, ಮಧ್ಯೆ ಒಂದು ನಿಮಿಷ ಬಿಡಿ. ಕಿಡಿ ಇಲ್ಲದೆ ಪೆಟ್ರೋಲ್ ಬೀಳ್ತಿದ್ರೆ ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕಂಪ್ರೆಶನ್ ಇಳಿಸ್ತದೆ. ಸ್ಪಾರ್ಕ್ ಪ್ಲಗ್ ಒದ್ದೆ ಬಂದ್ರೆ ಒಣಗಿಸಿ, ಪ್ರತಿ ರಂಧ್ರಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಡಿ. ಪಂಪ್ ಫ್ಯೂಸ್ ತೆಗೆದು, ಕಾಯಿಲಿನ ಕನೆಕ್ಟರ್ ಕಳಚಿ, ಪ್ಲಗ್ ಹಾಕೋ ಮುಂಚೆ ಒಮ್ಮೆ ಸೆಲ್ಫ್ ತಿರುಗಿಸಿ, ಆಮೇಲೆ ಪ್ಲಗ್, ಕನೆಕ್ಟರ್, ಫ್ಯೂಸ್ ಎಲ್ಲ ವಾಪಸ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಡೀರಿ. ಸ್ಟಾರ್ಟ್ ಆದ ಮೇಲೆ ಆಯಿಲ್ ಬದಲಾಯಿಸಿ, ಅದರಲ್ಲಿ ಪೆಟ್ರೋಲ್ ಸೇರಿರ್ತದೆ.

ಕೆಳಗೆ ಕಾಮೆಂಟಲ್ಲಿ ಯಾರೋ ಇಳಿಜಾರಿಗೆ ಬಿಟ್ಟು ಗೇರ್ ಹಾಕಿ ಅಂದಿದ್ದಾರೆ. ಬೇಡ. ಸೆಲ್ಫೇ ಚೆನ್ನಾಗಿ ತಿರುಗಿಸ್ತಿರೋವಾಗ ತಳ್ಳಿ ಏನೂ ಸಿಗಲ್ಲ, ಮೇಲಾಗಿ ಎಂಜಿನ್ ಆಫ್ ಇದ್ರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗ್ತದೆ. ನಮ್ಮ ತಿರುವುಗಳಲ್ಲಿ ಅದು ಆಟವಲ್ಲ.

ಬಲ್ಬ್ ಹೇಗೆ ಉರೀತು, ಬ್ಲಾಕಿನ ವೋಲ್ಟ್ ಎಷ್ಟು, ಆರ್‌ಪಿಎಂ ಎಷ್ಟು, ಈ ಮೂರು ಇಲ್ಲೇ ಹಾಕಿ. ಹಳೇ ಪಂಪ್ ಎಸೀಬೇಡಿ, ಅದು ಸರಿ ಇರೋ ಸಾಧ್ಯತೆ ಜಾಸ್ತಿ.